ಅವ್ವನ ನೀಲಿ ಪಂಪು

"ಈ ಪಂಪು ಮೊದಲಿನಂಗ ಕೆಲಸ ಮಾಡವಲ್ದು" ಅಂತ ಅವ್ವ ಹೇಳತೊಡಗಿದ್ದು ಧಾರವಾಡದಿಂದ ಪುಣೆಗೆ ನಮ್ಮ ಜೊತೆ ಇರಲು ಬಂದ ಎರಡನೇ ಚಳಿಗಾಲದಲ್ಲಿ. ದಮ್ಮು ಆಕೆಗೆ ಹಳೆಯದು. ಆದರೆ 200 ಸಲ ಒತ್ತಬಹುದಾದ ನೀಲಿ ಪಂಪು ಈಗ ಮೂರೇ ವಾರಕ್ಕೆ ಖಾಲಿ. "ಡೂಪ್ಲಿಕೇಟ್ ಮಾಲು ಇರಬೇಕು" ಎಂಬುದು ಆಕೆಯ ತೀರ್ಮಾನ.

ಕಾರಣ ಹುಡುಕುತ್ತ ನಾನು ಜೀವಕೋಶದ ಬಗ್ಗೆ ಓದತೊಡಗಿದೆ. ಆ ಪಂಪಿನ ಸಾಲ್ಬುಟಮಾಲ್ ಕೆಲಸ ಮಾಡುವುದು ನಮ್ಮದೇ ದೇಹದ ಅಡ್ರಿನಲಿನ್ ಹಾಗೆ. ಶ್ವಾಸನಾಳದ ಸ್ನಾಯುಕೋಶದ ಮೇಲಿರುವ ಬೀಟಾ-2 ಗ್ರಾಹಕಕ್ಕೆ ಅದು ಅಂಟಿಕೊಂಡರೆ ಸ್ನಾಯು ಸಡಿಲಾಗಿ ಉಸಿರು ಹಗುರಾಗುತ್ತದೆ. ಆದರೆ ಹೀಗೆ ಚುರುಕಾದ ಗ್ರಾಹಕವನ್ನು ಕೋಶ ಹಾಗೇ ಬಿಡುವುದಿಲ್ಲ. ಒಂದು ಕಿಣ್ವ ಅದಕ್ಕೆ ಫಾಸ್ಫೇಟಿನ ಗುರುತು ಹಾಕುತ್ತದೆ. ಗುರುತು ಬಿದ್ದಲ್ಲಿ ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಕೂತು ಸಂದೇಶವನ್ನು ತಡೆಯುತ್ತದೆ. ಆಮೇಲೆ ಕ್ಲಾಥ್ರಿನ್ ಎಂಬ ಇನ್ನೊಂದು ಪ್ರೋಟೀನ್ ಬಲೆಯಂತೆ ಹೆಣೆದುಕೊಂಡು ಆ ಜಾಗವನ್ನು ಒಳಕ್ಕೆ ಗುಳಿಯಾಗಿಸುತ್ತದೆ; ಡೈನಮಿನ್ ಅದರ ಕುತ್ತಿಗೆ ಹಿಸುಕಿ ಬೇರ್ಪಡಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಗ್ರಾಹಕ ಒಂದು ಪುಟ್ಟ ಚೀಲದಲ್ಲಿ ಕೂತು ಕೋಶದೊಳಗಿರುತ್ತದೆ.

ಬಿಡುವು ಸಿಕ್ಕರೆ ಗುರುತು ಅಳಿಸಿಕೊಂಡು ಮತ್ತೆ ಮೇಲೆ ಬರುತ್ತದೆ. ಬಿಡುವಿಲ್ಲದೆ ಔಷಧ ಬರುತ್ತಲೇ ಇದ್ದರೆ ಹಲವು ಗ್ರಾಹಕಗಳು ಲೈಸೋಸೋಮಿನಲ್ಲಿ ಚೂರಾಗಿ ಹೋಗುತ್ತವೆ. ಮಿದುಳಿನ ನರಕೋಶಗಳೂ ತಮ್ಮ ಅನೇಕ ಗ್ರಾಹಕಗಳನ್ನು ಹೀಗೇ ಒಳಗೆಳೆದುಕೊಳ್ಳುತ್ತವೆ. ಈ ಗ್ರಾಹಕಗಳ ಕುಟುಂಬವನ್ನು ಅಭ್ಯಾಸ ಮಾಡಿದ ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಬ್ರಯಾನ್ ಕೋಬಿಲ್ಕಾ ಅವರಿಗೆ 2012ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ದಿನವಿಡೀ ಸರ್ವರುಗಳ ಜೊತೆ ಏಗುವ ನನಗೆ ಇದು ಹೊಸದೆನಿಸಲಿಲ್ಲ. ಒಂದೇ ಕಡೆಯಿಂದ ರಿಕ್ವೆಸ್ಟು ಸುರಿದರೆ ಅವೂ ಕೇಳುವುದನ್ನು ನಿಲ್ಲಿಸುತ್ತವೆ. ಅದು ರಕ್ಷಣೆ, ಹಟವಲ್ಲ.

ಪಂಪಿನ ಪರಿಣಾಮ ಕುಗ್ಗಲು ಇದೊಂದೇ ಕಾರಣವಲ್ಲ. ಶ್ವಾಸನಾಳದ ಒಳಗಿನ ಉರಿಯೂತವೇ ಮೂಲ ಕಾಯಿಲೆ. ನೀಲಿ ಪಂಪು ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೆಂದೇ ಡಾಕ್ಟರು ಕೊಟ್ಟಿದ್ದ ಸ್ಟೀರಾಯ್ಡ್ ಪಂಪನ್ನು ಅವ್ವ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದಳು. "ಸ್ಟೀರಾಯ್ಡ್ ಬ್ಯಾಡಪಾ. ತಗೊಂಡ್ರೂ ಏನೂ ಅನ್ಸೂದಿಲ್ಲ." ಅದು ಉರಿಯೂತ ಇಳಿಸುವುದರ ಜೊತೆಗೆ, ಹೊಸ ಬೀಟಾ-2 ಗ್ರಾಹಕಗಳನ್ನು ಮಾಡುವಂತೆ ಕೋಶಕ್ಕೆ ಸೂಚನೆಯನ್ನೂ ಕೊಡುತ್ತದೆ ಎಂದು ವಿವರಿಸಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಒಳಗ ಹೋದಾವಕ್ಕ ಬದಲಿ ಹೊಸಾವು ಕೂಡಸ್ತದ ಅನ್ನು" ಅಂದಳು. ನನ್ನ ಅರ್ಧ ಗಂಟೆಯ ಭಾಷಣಕ್ಕಿಂತ ಅದೇ ಸ್ಪಷ್ಟವಾಗಿತ್ತು.

2019ರಿಂದ ಅಂತಾರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿಯಾದ 'ಜಿನಾ' ಕೂಡ ನೀಲಿ ಪಂಪೊಂದನ್ನೇ ನೆಚ್ಚುವ ಚಿಕಿತ್ಸೆ ಬೇಡ ಎನ್ನುತ್ತದೆ. ವರ್ಷಕ್ಕೆ ಅಂಥ ಮೂರು ಪಂಪು ಮುಗಿದರೂ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು. ಊರಿನಿಂದ ತಂದೆತಾಯಿಯನ್ನು ಕರೆತಂದು ಇಟ್ಟುಕೊಂಡ ನಾವು ಅವರ ಮಾತ್ರೆಗಳನ್ನು ಎಣಿಸುತ್ತೇವೆ. ಖಾಲಿ ಪಂಪುಗಳನ್ನೂ ಒಮ್ಮೆ ಎಣಿಸೋಣ. ನೀಲಿ ಪಂಪನ್ನು ಕಸಿದುಕೊಳ್ಳುವುದು ಬೇಡ, ಉಸಿರು ಕಟ್ಟಿದಾಗ ಅದು ಕೈಯಲ್ಲಿರಲೇಬೇಕು. ಲೆಕ್ಕವನ್ನು ಮಾತ್ರ ಡಾಕ್ಟರಿಗೆ ತಿಳಿಸೋಣ.