ಅಳಿಯನ ಸೈಕಲ್ಲಿಗೆ ಬ್ರೇಕು

ಅಳಿಯಕಟ್ಟಿನ ಊರಿನಲ್ಲಿ ಹುಟ್ಟಿದವನು ನಾನು. ಮಾವನ ಆಸ್ತಿ ಅಳಿಯನಿಗೆ ಹೋಗುವುದನ್ನು ಕಂಡು, ಅದರ ಸಲುವಾಗಿ ಕೋರ್ಟು ಮೆಟ್ಟಿಲು ಸವೆಸಿದವರ ಕತೆ ಕೇಳಿ ಬೆಳೆದವನು. ಅಳಿಯನ ಆಸ್ತಿ ಮಾವನಿಗೆ ಬಂದದ್ದು ಮಾತ್ರ ನಮ್ಮ ಕುಟುಂಬದಲ್ಲಿ ನನ್ನಿಂದಲೇ ಶುರು. ಅಕ್ಕನ ಮಗ ಮಣಿಪಾಲದಲ್ಲಿ ಓದು ಮುಗಿಸಿ ಜರ್ಮನಿಗೆ ಹೊರಟಾಗ ಅವನ ರೂಮಿನಿಂದ ಪರ್ಕಳದ ನಮ್ಮ ಮನೆಗೆ ಬಂದ ಚರಸೊತ್ತುಗಳಲ್ಲಿ ಇಂಡಕ್ಷನ್ ಒಲೆಯನ್ನು ನನ್ನ ಹೆಂಡತಿ ಇಟ್ಟುಕೊಂಡಳು. ದಿಂಬನ್ನು ನಾಯಿ ತೆಗೆದುಕೊಂಡಿತು. ಉಳಿದ ಸೈಕಲ್ಲು ನನ್ನ ಪಾಲಿಗೆ ಬಂತು.

ತೆಳ್ಳಗಿನ ಉಕ್ಕಿನ ಫ್ರೇಮು, ತೆಳ್ಳಗಿನ ಟಯರು, ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲು. ಹ್ಯಾಂಡಲಿನ ಮೇಲೆ ಕಪ್ಪು ಟೇಪು ಸುತ್ತಿದ್ದು ಬಿಟ್ಟರೆ ಬೇರೇನೂ ಇಲ್ಲ.

“ಬ್ರೇಕ್ ಎಲ್ಲಿ ಮಾರಾಯ?” ಎಂದೆ.

“ಕಾಲಿನಲ್ಲಿ ಉಂಟು ಮಾವ” ಎಂದ.

ಅದು ಫಿಕ್ಸೆಡ್ ಗೇರ್ ಸೈಕಲ್ಲು. ನಮ್ಮ ನಿಮ್ಮ ಸೈಕಲ್ಲಿನ ಹಿಂಚಕ್ರದಲ್ಲಿ ಫ್ರೀವೀಲ್ ಇರುತ್ತದೆ, ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟರೂ ಚಕ್ರ ಟಿಕಟಿಕ ಎನ್ನುತ್ತ ತನ್ನ ಪಾಡಿಗೆ ಓಡುತ್ತದೆ. ಇದರಲ್ಲಿ ಆ ಫ್ರೀ ಇಲ್ಲ. ಹಲ್ಲುಚಕ್ರವನ್ನು ಹಬ್ಬಿಗೇ ಬಿಗಿದಿರುತ್ತಾರೆ. ಚಕ್ರ ತಿರುಗಿದಷ್ಟು ಹೊತ್ತು ಪೆಡಲೂ ತಿರುಗಬೇಕು, ಪೆಡಲ್ ತಿರುಗಿದಷ್ಟು ಹೊತ್ತು ಕಾಲೂ. ನಿಲ್ಲಿಸಬೇಕಾದರೆ ಮುಂದಕ್ಕೆ ಬರುವ ಪೆಡಲನ್ನು ಕಾಲಿನಿಂದ ಹಿಂದಕ್ಕೆ ಒತ್ತಿ ತಡೆಯಬೇಕು. ಬ್ರೇಕ್ ಲಿವರ್ ಹಾಕಿದರೆ ಅದರ ಚಂದ ಹೋಗುತ್ತದೆ ಎಂಬುದು ಅಳಿಯನ ವಾದ. ಚಂದದ ವಿಷಯದಲ್ಲಿ ಇಪ್ಪತ್ತೆರಡರ ಹುಡುಗನ ಜೊತೆ ಐವತ್ತು ದಾಟಿದವನು ವಾದಕ್ಕೆ ನಿಲ್ಲಬಾರದು.

ಈ ಜಾತಿಯ ಸೈಕಲ್ಲಿನ ತವರು ವೆಲೊಡ್ರೋಮ್, ಅಂಚು ಎತ್ತಿ ಕಟ್ಟಿದ ದುಂಡು ಓಟದ ಕಣ. ಅಲ್ಲಿ ಸೈಕಲ್ಲಿಗೆ ಬ್ರೇಕ್ ಇರಕೂಡದು ಎಂಬುದೇ ನಿಯಮ. ಎಲ್ಲರೂ ಒಂದೇ ದಿಕ್ಕಿಗೆ ಓಡುವಾಗ ಒಬ್ಬ ತಟಕ್ಕನೆ ಬ್ರೇಕ್ ಒತ್ತಿದರೆ ಹಿಂದಿದ್ದವರೆಲ್ಲ ಅವನ ಮೇಲೆ ಬೀಳುತ್ತಾರೆ. ನಮ್ಮ ಮಿಯ್ಯಾರಿನ ಕಂಬಳದ ಕೋಣಗಳಿಗೂ ಬ್ರೇಕ್ ಇಲ್ಲ, ಅವು ನಿಲ್ಲುವುದು ಮಂಜೊಟ್ಟಿಯ ಏರಿನಲ್ಲಿ. ಕಣ ಕಟ್ಟಿದವನೇ ನಿಲ್ಲಿಸುವ ವ್ಯವಸ್ಥೆಯನ್ನೂ ಕಟ್ಟಿರುತ್ತಾನೆ. ಕರ್ನಾಟಕದಲ್ಲಿ ಟ್ರ್ಯಾಕ್ ಸೈಕಲ್ಲಿನ ಮರ್ಮ ಬಲ್ಲವರು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು. ಬಯಲುಸೀಮೆಯ ಆ ನೇರ ರಸ್ತೆಗಳನ್ನು ನೋಡಿದರೆ ಅದು ಅಲ್ಲಿಗೇ ಸರಿ ಅನ್ನಿಸುತ್ತದೆ.

ಮಣಿಪಾಲದಲ್ಲಿ ಮಂಜೊಟ್ಟಿ ಇಲ್ಲ. ಟೈಗರ್ ಸರ್ಕಲ್ಲಿನಿಂದ ಇಂದ್ರಾಳಿ ದಾಟಿ ಕಲ್ಸಂಕಕ್ಕೆ ಬರುವ ರಸ್ತೆ ಗುಡ್ಡದಿಂದ ಬಯಲಿಗೆ ಇಳಿಯುವ ರಸ್ತೆ. ಮಲ್ಪೆಯಿಂದ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗುವ 169ಎ ಹೆದ್ದಾರಿಯೂ ಅದೇ. ಬಸ್ಸಿನವರ ಟೈಮಿಂಗ್ ಜಗಳ, ಆಸ್ಪತ್ರೆಗೆ ಓಡುವ ಆಂಬುಲೆನ್ಸು, ತಪ್ಪು ಬದಿಯಲ್ಲಿ ಬರುವ ಸ್ಕೂಟರು ಎಲ್ಲ ಅದರ ಮೇಲೆಯೇ. ಅಳಿಯನ ಸೈಕಲ್ಲಿಗೆ ಮುಂದೆ 46 ಹಲ್ಲು, ಹಿಂದೆ 16. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ಲು ಹತ್ತಿರ ಹತ್ತಿರ 6 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಕಾಲು ನಿಮಿಷಕ್ಕೆ 83 ಸುತ್ತು ಹೊಡೆಯಬೇಕು. ಅದು ಸಹಿಸುವಂಥದ್ದು. ಇಳಿಜಾರಿನಲ್ಲಿ ವೇಗ 45ಕ್ಕೆ ಏರಿತೆನ್ನಿ, ಆಗ 125 ಸುತ್ತು. ಆ ಹೊತ್ತಿನಲ್ಲಿ ಪೆಡಲನ್ನು ನಾವು ತುಳಿಯುವುದಿಲ್ಲ, ಅದೇ ನಮ್ಮನ್ನು ತುಳಿಯುತ್ತದೆ.

ಕಾಲು ಎಷ್ಟೇ ಗಟ್ಟಿ ಇರಲಿ, ಕಾಲಿನ ತಡೆ ಹಿಂದಿನ ಚಕ್ರಕ್ಕೆ ಮಾತ್ರ. ವೇಗ ಕಡಿಮೆಯಾಗುವಾಗ ಮೈಭಾರವೆಲ್ಲ ಮುಂದಕ್ಕೆ ವಾಲಿ ಹಿಂಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ಬಿಗಿದರೂ ಅದು ಜಾರುತ್ತದೆ ಹೊರತು ನಿಲ್ಲುವುದಿಲ್ಲ. ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಅಲ್ಲದೆ ಚೈನು ಕಳಚಿತು ಎಂದಿಟ್ಟುಕೊಳ್ಳಿ, ಅಥವಾ ಹಲ್ಲುಚಕ್ರವನ್ನು ಹಿಡಿದಿಡುವ, ಎಡಕ್ಕೆ ತಿರುಗಿಸಿ ಬಿಗಿಯುವ ಲಾಕ್‌ರಿಂಗ್ ಸಡಿಲಾಯಿತು ಎಂದಿಟ್ಟುಕೊಳ್ಳಿ. ಕಾಲಿನಲ್ಲಿದ್ದ ಬ್ರೇಕ್ ಕಾಲಿನಲ್ಲೇ ಉಳಿಯುತ್ತದೆ, ಸೈಕಲ್ಲು ಕಲ್ಸಂಕ ತಲುಪಿರುತ್ತದೆ.

ಹಾಗೆ ನೋಡಿದರೆ ಮೊದಮೊದಲ ಸೈಕಲ್ಲುಗಳೆಲ್ಲ ಫಿಕ್ಸೆಡ್ಡೇ. ಮುಂದೆ ಆಳೆತ್ತರದ ಚಕ್ರ, ಹಿಂದೆ ಅಂಗೈಯಗಲದ್ದು ಇದ್ದ ಪೆನ್ನಿ ಫಾರ್ದಿಂಗಿನಲ್ಲಿ ಪೆಡಲು ಮುಂಚಕ್ರದ ಗುಂಬಕ್ಕೇ ಕಚ್ಚಿಕೊಂಡಿತ್ತು. ಅದಕ್ಕೊಂದು ಚಮಚದಾಕಾರದ ಬ್ರೇಕು. ಲಿವರ್ ಒತ್ತಿದರೆ ಲೋಹದ ಚಮಚ ಟಯರಿನ ನೆತ್ತಿಗೆ ಉಜ್ಜುತ್ತಿತ್ತು. ಜೋರಾಗಿ ಒತ್ತಿದವನು ತಲೆಕೆಳಗಾಗಿ ಹಾರುತ್ತಿದ್ದ. 1885ರಲ್ಲಿ ಸ್ಟಾರ್ಲಿಯ ರೋವರ್ ಬಂದು ಎರಡೂ ಚಕ್ರ ಹೆಚ್ಚುಕಡಿಮೆ ಸರಿಸಮವಾದವು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರು ತಂದ. ಗಾಳಿಯ ಟಯರಿನ ಮೇಲೆ ಲೋಹ ಉಜ್ಜಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ, ಬ್ರೇಕು ಟಯರನ್ನು ಬಿಟ್ಟು ರಿಮ್ಮಿಗೆ ಇಳಿಯಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಫ್ರೀವೀಲ್ ಬಳಕೆಗೆ ಬಂತು. ಕಾಲಿಗೆ ಬಿಡುಗಡೆ ಸಿಕ್ಕಿತು, ಅದು ಮಾಡುತ್ತಿದ್ದ ಕೆಲಸ ಪೂರ್ತಿಯಾಗಿ ಕೈಗೆ ಬಿತ್ತು.

ಕೈಯಿಂದ ರಿಮ್ಮಿಗೆ ಆ ಸುದ್ದಿ ಮುಟ್ಟಿಸುವುದು ಹೇಗೆ? ಅದಕ್ಕೆ ಎರಡು ದಾರಿ ಹುಟ್ಟಿದವು. ಒಂದು ಸರಳು, ಇನ್ನೊಂದು ತಂತಿ. ಕೊಳವೆಯೊಳಗೆ ಸರಿದಾಡುವ ತಂತಿಗೆ 1896ರಲ್ಲಿ ಪೇಟೆಂಟ್ ಪಡೆದವನು ಅರ್ನೆಸ್ಟ್ ಮಾನಿಂಗ್‌ಟನ್ ಬೌಡನ್. ರಾಲೆ ಕಂಪೆನಿ ಕಟ್ಟಿದ ಫ್ರಾಂಕ್ ಬೌಡನ್ ಬೇರೆ, ಇವನು ಬೇರೆ. ಸೈಕಲ್ಲಿನ ವಿಷಯ ಬರೆಯುವವರು ಇಬ್ಬರನ್ನೂ ಆಗಾಗ ಒಬ್ಬನನ್ನಾಗಿ ಮಾಡಿಬಿಡುತ್ತಾರೆ.

ನಮ್ಮಪ್ಪನದು ಸರಳಿನ ಸಂಪ್ರದಾಯ. ಕಾರ್ಕಳದಲ್ಲಿ ಶಾಲಾ ಮಾಷ್ಟ್ರಾಗಿದ್ದ ಅವರ ಬಳಿ ಮದ್ರಾಸಿನ ಟಿ.ಐ. ಕಂಪೆನಿಯ ಹರ್ಕ್ಯುಲಸ್ ಸೈಕಲ್ಲಿತ್ತು. ಹ್ಯಾಂಡಲಿನ ಕೆಳಗೆ ಅದಕ್ಕೆ ಸಮಾನಾಂತರವಾಗಿ ಹೊಳೆಯುವ ಲಿವರು. ಅಲ್ಲಿಂದ ಒಂದು ಸರಳು ನೇರ ಕೆಳಗಿಳಿದು, ಚಕ್ರವನ್ನು ತಬ್ಬಿದ ಕೊಕ್ಕೆಯೊಂದನ್ನು ಮೇಲಕ್ಕೆಳೆದು, ಎರಡು ರಬ್ಬರು ತುಂಡುಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತಿತ್ತು. ಹಿಂದಿನ ಬ್ರೇಕಿಗೆ ಸರಳುಗಳ ಒಂದು ಮೆರವಣಿಗೆಯೇ ಬೇಕು. ತೂಕ ವಿಪರೀತ. ಆದರೆ ಇಪ್ಪತ್ತು ವರ್ಷದಲ್ಲಿ ಅಪ್ಪ ಬದಲಿಸಿದ್ದು ರಬ್ಬರನ್ನು ಮಾತ್ರ. ಕಾಪುವಿನಲ್ಲಿ ಮೀನು ಮಾರಲು ಬರುತ್ತಿದ್ದವರ ಸೈಕಲ್ಲುಗಳೂ ಇದೇ ಬಗೆಯವು. ಕ್ಯಾರಿಯರಿನಲ್ಲಿ ಬುಟ್ಟಿ, ಹ್ಯಾಂಡಲಿನಲ್ಲಿ ಪೋಂ ಪೋಂ ಎನ್ನುವ ಹಾರ್ನು, ಮೈಯೆಲ್ಲ ಉಪ್ಪುನೀರು. ತಂತಿಯಾಗಿದ್ದರೆ ಒಂದೇ ವರ್ಷದಲ್ಲಿ ಕೊಳವೆಯೊಳಗೆ ತುಕ್ಕು ಹಿಡಿದು ಕೂತುಬಿಡುತ್ತಿತ್ತು. ಸರಳು ತುಕ್ಕು ಹಿಡಿದೂ ಕೆಲಸ ಮಾಡುತ್ತಿತ್ತು. ಬೇರೆ ದೇಶಗಳು ಕೈಬಿಟ್ಟ ಸರಳಿನ ಬ್ರೇಕು ನಮ್ಮಲ್ಲಿ ಅಷ್ಟು ಕಾಲ ಬಾಳಿದ್ದಕ್ಕೆ ಬಡತನವೊಂದೇ ಕಾರಣ ಎನ್ನುವವರು ಕಾಪುವಿನ ಗಾಳಿ ಕುಡಿದವರಲ್ಲ.

ಅದಕ್ಕೊಂದು ದೊಡ್ಡ ದೋಷವಿತ್ತು. ಮಳೆಯಲ್ಲಿ ಹಿಡಿಯುತ್ತಿರಲಿಲ್ಲ. ಒದ್ದೆಯಾದ ಉಕ್ಕಿನ ರಿಮ್ಮಿಗೆ ರಬ್ಬರು ಒತ್ತಿದರೆ ಅದು ನಯವಾಗಿ ಸವರುತ್ತಿತ್ತು, ಅಷ್ಟೆ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆ ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಏರಿನಲ್ಲಿ ಸೈಕಲ್ಲು ತಳ್ಳುವುದು ಎಲ್ಲ ಊರಿನಲ್ಲೂ ಉಂಟು. ಅಪ್ಪ ಮಳೆಗಾಲದಲ್ಲಿ ಇಳಿಜಾರಿನಲ್ಲೂ ಇಳಿದು, ಹಿಡಿದುಕೊಂಡು ನಡೆಯುತ್ತಿದ್ದರು. ಇಳಿಯದವರೂ ಇದ್ದರು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹ್ಯಾಂಡಲು, ತೀರಾ ಅಗತ್ಯಬಿದ್ದರೆ ಚಪ್ಪಲಿಯ ಅಟ್ಟೆಯೇ ಬ್ರೇಕು. 1432ರಿಂದ ಗೊಮ್ಮಟ ಅಲುಗದೆ ನಿಂತಿರುವ ಬೆಟ್ಟದ ಬುಡದಲ್ಲೇ ಅವರು ನಿಲ್ಲಲಾರದೆ ಹಳ್ಳಕ್ಕೆ ಹೋಗುತ್ತಿದ್ದರು.

ಭುವನೇಂದ್ರ ಕಾಲೇಜಿಗೆ ಸೇರಿದ ಮೇಲೆ ನಾನು ಮೊದಲ ಬಾರಿಗೆ ಡ್ರಾಪ್ ಹ್ಯಾಂಡಲಿನ ಸೈಕಲ್ಲು ನೋಡಿದ್ದು. ನನ್ನ ಕ್ಲಾಸಿನವನದೇ. ಲಿವರಿನ ನೆತ್ತಿಯಿಂದ ತಂತಿ ಹೊರಬಂದು ಗಾಳಿಯಲ್ಲಿ ಕಮಾನು ಕಟ್ಟಿ ಕೆಳಗಿಳಿಯುತ್ತಿತ್ತು. ಅದರ ಜೊತೆಗೆ ಮೇಲಿನ ನೆಟ್ಟಗಿನ ಭಾಗಕ್ಕೆ ಚಾಚಿದ ಇನ್ನೊಂದು ಜೋಡಿ ಉದ್ದ ಲಿವರು. ಬಗ್ಗಲು ಇಷ್ಟವಿಲ್ಲದವನು ನೆಟ್ಟಗೆ ಕೂತೇ ಬ್ರೇಕ್ ಹಿಡಿಯಲಿ ಎಂದು ಮಾಡಿದ ಉಪಕಾರ ಅದು. 1970ರ ದಶಕದಲ್ಲಿ ಅಮೆರಿಕದಲ್ಲಿ ಎಲ್ಲರೂ ಹತ್ತು ಗೇರಿನ ಸೈಕಲ್ಲು ಕೊಂಡಾಗ ಅದು ಮನೆಮನೆಗೆ ಹೋಯಿತು, ಸುಯಿಸೈಡ್ ಲಿವರ್ ಎಂಬ ಅಡ್ಡಹೆಸರನ್ನೂ ಪಡೆಯಿತು. ಅದು ಒತ್ತಿದರೆ ಬಾಗುತ್ತದೆ, ಅರ್ಧ ದಾರಿಯಲ್ಲೇ ಹ್ಯಾಂಡಲಿಗೆ ತಾಗುತ್ತದೆ, ಬ್ರೇಕು ಹಿಡಿಯಿತು ಎಂಬ ಭ್ರಮೆ ಮಾತ್ರ ಪೂರ್ತಿ ಕೊಡುತ್ತದೆ. ನಿಮಗೆ ಎಲ್ಲಿಯಾದರೂ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಬಿಚ್ಚಿ ಗುಜರಿಗೆ ಕೊಡಿ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಅಳಿಯನ ಸೈಕಲ್ಲನ್ನು ಉಡುಪಿಯ ಅಂಗಡಿಗೆ ಒಯ್ದೆ. ಒಂದು ಕಾಲದಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಡುತ್ತಿದ್ದ ಅಂಗಡಿ. ಯಜಮಾನರು ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಬ್ರೇಕ್ ಯಾರು ಬಿಚ್ಚಿಕೊಂಡು ಹೋದ್ದು?”

“ಬಿಚ್ಚಿದ್ದಲ್ಲ. ಹಾಕಲೇ ಇಲ್ಲ. ಅಳಿಯ ಕೊಟ್ಟದ್ದು.”

“ಅಳಿಯನಿಗೆ ನಿಮ್ಮ ಮೇಲೆ ಎಂತಾದ್ರೂ ಸಿಟ್ಟುಂಟಾ?”

ಆಮೇಲೆ ಅವರು ಬಗ್ಗಿ ಮುಂದಿನ ಫೋರ್ಕಿನ ನೆತ್ತಿ ನೋಡಿದರು. “ತೂತುಂಟು, ಬಚಾವ್” ಎಂದರು. ಅಪ್ಪಟ ಟ್ರ್ಯಾಕ್ ಸೈಕಲ್ಲುಗಳಲ್ಲಿ ಎಷ್ಟೋ ಸಲ ಬ್ರೇಕ್ ಕೂರಿಸುವ ಆ ತೂತೇ ಇರುವುದಿಲ್ಲ. ಅವರ ಡಬ್ಬಿಯಲ್ಲಿದ್ದ ಲಿವರುಗಳೆಲ್ಲ ನೆಟ್ಟ ಹ್ಯಾಂಡಲಿನ ಎಂ.ಟಿ.ಬಿ. ಜಾತಿಯವು. ಅವುಗಳ ಬಳೆ 22.2 ಮಿಲಿಮೀಟರ್ ಕೊಳವೆಗೆ ಮಾಡಿದ್ದು, ಡ್ರಾಪ್ ಹ್ಯಾಂಡಲಿನ ಕೊಳವೆ 23.8. ಬಲವಂತ ಮಾಡಿ ತುರುಕಿದರೂ ಪ್ರಯೋಜನವಿಲ್ಲ. ವಿ-ಬ್ರೇಕಿಗೆಂದು ಮಾಡಿದ ಲಿವರು ಎಳೆಯುವ ತಂತಿಯ ಉದ್ದ ಹೆಚ್ಚುಕಡಿಮೆ ಎರಡು ಪಟ್ಟು. ಅದನ್ನು ತೆಳು ಟಯರಿನ ಕ್ಯಾಲಿಪರ್ ಬ್ರೇಕಿಗೆ ಜೋಡಿಸಿದರೆ ಲಿವರ್ ಕಲ್ಲಿನ ಹಾಗೆ ಗಟ್ಟಿ ಎನ್ನಿಸುತ್ತದೆ, ರಿಮ್ಮಿನ ಮೇಲೆ ಒತ್ತಡ ಮಾತ್ರ ಬೀಳುವುದಿಲ್ಲ. ತೈವಾನಿನ ಟೆಕ್ಟ್ರೊ ಕಂಪೆನಿ ಡ್ರಾಪ್ ಹ್ಯಾಂಡಲಿಗೆಂದೇ ಎರಡು ಬಗೆ ಮಾಡುತ್ತದೆ. ಆರ್‌ಎಲ್ 340 ಕ್ಯಾಲಿಪರಿಗೆ, ಆರ್‌ಎಲ್ 520 ವಿ-ಬ್ರೇಕಿಗೆ. ಅಂತರ್ಜಾಲದಲ್ಲಿ ತರಿಸುವವರು ಈ ಸಂಖ್ಯೆಯನ್ನು ಎರಡು ಸಲ ಓದುವುದು ಒಳ್ಳೆಯದು.

ಮನಸ್ಸು ಎಳೆದದ್ದು ಮಾತ್ರ ಕಾಲೇಜಿನಲ್ಲಿ ಕಂಡ ಆ ಕಮಾನು ತಂತಿಯ ಹಳೆಯ ಲಿವರಿನ ಕಡೆಗೆ. ಜಪಾನಿನ ಡಯಾ-ಕಾಂಪೆಯವರದು ಈಗಲೂ ಸಿಗುತ್ತದೆ. ಅದರ ಪರವಾಗಿ ಗಟ್ಟಿ ಕಾರಣವೂ ಇದೆ: ತಂತಿ ಕಣ್ಣೆದುರು ಇರುತ್ತದೆ, ತುಕ್ಕು ಹಿಡಿದರೆ ಕಾಣುತ್ತದೆ. 1980ರ ದಶಕದಲ್ಲಿ ಬಂದ ಹೊಸ ಬಗೆಯಲ್ಲಿ ತಂತಿ ಲಿವರಿನ ಹಿಂಬದಿಯಿಂದ ಹೊರಟು ಹ್ಯಾಂಡಲಿನ ಟೇಪಿನಡಿ ಅಡಗುತ್ತದೆ. ಗಾಳಿಗೆ ಅಡ್ಡಿಯಾಗಬಾರದು ಎಂದು ಹಾಗೆ ಮಾಡಿದ್ದು. ನನ್ನ ವೇಗಕ್ಕೆ ಗಾಳಿ ಅಡ್ಡಿಯಲ್ಲ, ಹೊಟ್ಟೆ ಅಡ್ಡಿ. ಕರಾವಳಿಯ ಬೆವರೂ ಉಪ್ಪೂ ಟೇಪಿನಡಿ ಸೇರಿ ಏನು ಮಾಡುತ್ತಿವೆ ಎಂದು ಹೊರಗಿನಿಂದ ಗೊತ್ತಾಗುವುದೂ ಇಲ್ಲ.

ಆದರೂ ಕೈ ಹೊಸದನ್ನೇ ಆರಿಸಿತು. ಡ್ರಾಪ್ ಹ್ಯಾಂಡಲಿನ ಲಿವರ್ ಬರೀ ಬ್ರೇಕಿಗೆ ಇರುವುದಲ್ಲ, ಅದರ ರಬ್ಬರು ಹೊದಿಕೆಯ ಗುಬ್ಬಿಯೇ ಕೈಯೂರುವ ಮುಖ್ಯ ಜಾಗ. ಫಿಕ್ಸೆಡ್ ಗೇರಿನಲ್ಲಿ ಏರು ಬಂದಾಗ ಗೇರು ಇಳಿಸುವ ಹಾಗಿಲ್ಲ, ಎದ್ದು ನಿಂತೇ ತುಳಿಯಬೇಕು. ಆಗ ಎರಡೂ ಕೈಗೆ ಜಗ್ಗಿ ಹಿಡಿಯಲು ಎರಡು ಗುಬ್ಬಿ ಬೇಕು. ಕೆಲವರು ಬಲಕ್ಕೆ ನಿಜವಾದ ಲಿವರು, ಎಡಕ್ಕೆ ತಂತಿಯಿಲ್ಲದ ಬೊಂಬೆ ಲಿವರು ಹಾಕುವುದು ಇದಕ್ಕೇ. ಹಳೆಯ ಮಾದರಿಯ ಗುಬ್ಬಿ ಚಿಕ್ಕದು, ಅಲ್ಲಿ ಕೈಯಿಟ್ಟು ಒತ್ತಿದರೆ ಬಲ ಸಾಲದು. ಪೂರ್ತಿ ಬಗ್ಗಿ ಕೆಳಗಿನ ಬಾಗು ಹಿಡಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸ ಮಾದರಿಯಲ್ಲಿ ತಿರುಗಣಿಯ ಜಾಗ ಬದಲಾಗಿ, ಗುಬ್ಬಿಯ ಮೇಲಿಂದ ಎರಡು ಬೆರಳಿನಲ್ಲೇ ನಿಲ್ಲಿಸಬಹುದು. ಇಂದ್ರಾಳಿಯ ಇಳಿತದಲ್ಲಿ ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಎದುರು ಬರುವ ಬಸ್ಸಿನ ನಂಬರು ಓದುವ ಉತ್ಸಾಹ ನನಗಿಲ್ಲ.

ಬಲಗೈಗೆ ಮುಂದಿನ ಬ್ರೇಕು ಕೊಟ್ಟೆ. ನಮ್ಮ ಸ್ಕೂಟರು, ಬೈಕುಗಳಲ್ಲೂ ಹಾಗೆಯೇ ಇರುವುದರಿಂದ ಗಾಬರಿಯಲ್ಲಿ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಎಡಕ್ಕೆ ಬೊಂಬೆ ಹಾಕಲಿಲ್ಲ. ಹಿಂದಿನ ಚಕ್ರಕ್ಕೂ ನಿಜವಾದ ಬ್ರೇಕನ್ನೇ ಹಾಕಿಸಿದೆ, ಮಂಡಿಯ ಮೇಲಿನ ಕರುಣೆಯಿಂದ. ಕಾಪುವಿನಿಂದ ಮಟ್ಟು, ಪಡುಕೆರೆ ಹಿಡಿದು ಮಲ್ಪೆಗೆ ಹೋಗುವ ಸಮುದ್ರ ಬದಿಯ ರಸ್ತೆಯಲ್ಲಿ ಈ ಎರಡರಲ್ಲಿ ಒಂದನ್ನೂ ಮುಟ್ಟಬೇಕಾಗುವುದಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಮಟ್ಟಸ ರಸ್ತೆ. ಕಾಲು ಹೇಳಿದ್ದನ್ನು ಚಕ್ರ ಕೇಳುತ್ತದೆ, ಮಟ್ಟುಗುಳ್ಳ ಕೊಳ್ಳಲು ನಿಲ್ಲಬೇಕೆಂದರೂ ಕಾಲೇ ಸಾಕು. ಅಲ್ಲಿ ಅಳಿಯನ ಮಾತು ಪೂರ್ತಿ ನಿಜ.

ಅಳಿಯನಿಗೆ ಫೋಟೋ ಕಳಿಸಿದೆ. ಚಂದ ಹೋಯಿತೆಂದು ಬೈಯುತ್ತಾನೆ ಎಂದುಕೊಂಡಿದ್ದೆ. “ಇಲ್ಲಿ ನಾನೂ ಎರಡು ಹಾಕಿಸಿದ್ದೇನೆ ಮಾವ” ಎಂದ. ಜರ್ಮನಿಯ ರಸ್ತೆ ನಿಯಮದಂತೆ ಸೈಕಲ್ಲಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬ್ರೇಕು ಕಡ್ಡಾಯ. 2009ರಲ್ಲಿ ಬರ್ಲಿನ್ ಪೊಲೀಸರು ಬ್ರೇಕಿಲ್ಲದ ಫಿಕ್ಸೆಡ್ ಗೇರುಗಳನ್ನು ರಸ್ತೆಯಲ್ಲೇ ಹಿಡಿದು ಜಪ್ತಿ ಮಾಡಿದ್ದರು. ಬ್ರಿಟನ್ನಿನವರು ಸ್ವಲ್ಪ ಉದಾರಿಗಳು: ಅಲ್ಲಿ ಕಾಲಿನದನ್ನು ಒಂದು ಬ್ರೇಕೆಂದು ಒಪ್ಪುತ್ತಾರೆ, ಮುಂದಿನ ಚಕ್ರಕ್ಕೆ ಇನ್ನೊಂದು ಇರಲೇಬೇಕು ಎನ್ನುತ್ತಾರೆ.

ಮಣಿಪಾಲದ ಹುಡುಗರಲ್ಲಿ ನನ್ನದೂ ಅಷ್ಟೇ ಕೋರಿಕೆ. ಚಂದಕ್ಕಾಗಿ ಹಿಂದಿನ ಲಿವರು ತೆಗೆದರೂ ತೆಗೆಯಿರಿ, ಮುಂದಿನದನ್ನು ಮುಟ್ಟಬೇಡಿ. ಮಳೆಗಾಲ ಮುಗಿದ ಮೇಲೆ, ಆಯುಧಪೂಜೆಗೆ ಸೈಕಲ್ಲು ತೊಳೆದು ಹೂ ಮುಡಿಸುವ ಮೊದಲು, ಟೇಪಿನಡಿಯ ಒಳತಂತಿಯನ್ನು ಒಮ್ಮೆ ಹೊರಗೆಳೆದು ನೋಡಿ. ಕೆಂಪಾಗಿದ್ದರೆ ಎಸೆದು ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ. ಅದಕ್ಕೆ ತಗಲುವ ಖರ್ಚು ಆ ದಿನ ಒಡೆಯುವ ಕುಂಬಳಕಾಯಿಗಿಂತ ಬಹಳ ಹೆಚ್ಚೇನಲ್ಲ.