ಚಿಂಚೋಳಿಯ ಬೆಟ್ಟದಲ್ಲಿ ಒಂದು ಬೇಸಗೆಯ ದಿನ

ವಾಡಿ ಎಂದರೆ ಹಲವರಿಗೆ ರೈಲು ಬದಲಾಯಿಸುವ ಊರು. 1874ರಲ್ಲಿ ನಿಜಾಮರ ರೈಲುಹಾದಿ ಇಲ್ಲಿಂದ ಸಿಕಂದರಾಬಾದಿನ ಕಡೆಗೆ ಹೊರಟಿತು. ಸುತ್ತಲೂ ಸುಣ್ಣಕಲ್ಲಿನ ಬಯಲು, ಗಣಿಗಳು, ಸಿಮೆಂಟಿನ ಧೂಳು. ಇಂಥ ಊರಿನಲ್ಲಿ ಬೆಟ್ಟ ಹತ್ತುವ ಹವ್ಯಾಸವುಳ್ಳ ದಂಪತಿಗಳಿದ್ದಾರೆಂದರೆ ಕೇಳಿದವರು ನಗುವುದು ಸಹಜವೇ.

ಆತ ರೈಲ್ವೆ ನೌಕರ. ಆಕೆ ಶಾಲೆಯ ಉಪಾಧ್ಯಾಯಿನಿ. ಆಕೆಯ ಬೇಸಗೆಯ ರಜೆಗೂ ಆತನ ವಾರದ ಬಿಡುವಿಗೂ ಹೊಂದಿಕೆಯಾದ ದಿನ ಮೋಟಾರು ಸೈಕಲ್ಲು ಮನೆಯಿಂದ ಹೊರಬೀಳುತ್ತದೆ. ಮೇ ತಿಂಗಳ ಅಂಥದೊಂದು ದಿನ, ಬೆಳಗಿನ ನಾಲ್ಕಕ್ಕೇ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಅವರು ಹೊರಟರು. ಚಿತ್ತಾಪುರ ದಾಟಿ ಮಳಖೇಡ ತಲುಪುವ ವೇಳೆಗೆ ಮೂಡಣ ಕೆಂಪೇರಿತ್ತು. ಕಾಗಿಣಾ ದಂಡೆಯ ಈ ಹಳ್ಳಿಯೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ಕ್ಕೆ ಆಶ್ರಯ ನೀಡಿದ ಅಮೋಘವರ್ಷನ ರಾಜಧಾನಿ. ಕನ್ನಡ ಬಲ್ಲವರು ಇಲ್ಲಿ ಒಂದು ಗಳಿಗೆ ಮೌನವಾಗಿ ನಿಲ್ಲಬೇಕು. ದಂಪತಿಗಳು ನಿಂತದ್ದು, ನಿಜ ಹೇಳಬೇಕೆಂದರೆ, ಚಹಕ್ಕಾಗಿ.

ಸೇಡಂ ಹಿಂದಾಗಿ ಚಿಂಚೋಳಿ ಸಮೀಪಿಸಿದಂತೆ ನೆಲದ ಬಣ್ಣವೇ ಬೇರೆ. ಕಪ್ಪು ಎರೆಯ ಹೊಲಗಳು ಸರಿದು ಜಂಬಿಟ್ಟಿಗೆಯ ಕೆಂಪು ಗುಡ್ಡಗಳು ಮೇಲೇಳುತ್ತವೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಕಾಡು ಇಲ್ಲಿಯದು. ಬೇಸಗೆಯಲ್ಲಿ ಮರಗಳು ಎಲೆಯುದುರಿಸಿ ನಿಂತಿರುತ್ತವೆ. ತರಗೆಲೆಯ ಮೇಲೆ ಇಟ್ಟ ಹೆಜ್ಜೆಯ ಸದ್ದು ದೂರಕ್ಕೆ ಕೇಳುತ್ತದೆ. ಗಾಡಿಯನ್ನು ಒಣಹಳ್ಳವೊಂದರ ಈಚೆಗೆ ನಿಲ್ಲಿಸಿ, ಹಳ್ಳ ದಾಟಿ, ಅವರು ಗುಡ್ಡವೇರತೊಡಗಿದರು.

ಮಧ್ಯಾಹ್ನದವರೆಗೆ ಆಕಾಶದಲ್ಲಿ ತುಣುಕು ಮೋಡವಿರಲಿಲ್ಲ. ಈ ಸೀಮೆಯ ಬೇಸಗೆಯ ಮೋಸವೇ ಇದು. ಕಾದ ನೆಲದ ಬಿಸಿಗಾಳಿ ಮೇಲೇರಿ, ತೇವ ದೊರೆತೊಡನೆ, ಒಂದೆರಡು ತಾಸಿನೊಳಗೆ ಮೋಡದ ಬೆಟ್ಟವನ್ನೇ ಕಟ್ಟಿಬಿಡುತ್ತದೆ. ಎರಡು ಗಂಟೆಗೆ ಗಾಳಿ ಹಠಾತ್ತನೆ ನಿಂತಿತು.

“ನೋಡ್ರಿ, ಒಂದು ಎಲೀನೂ ಅಳ್ಳಾಡವಲ್ದು. ಹೊಳ್ಳಿ ಹೋಗೂಣು,” ಎಂದಳಾಕೆ.

“ತುದಿ ಇಲ್ಲೇ ಕಾಣ್ತದ. ಅರ್ಧ ತಾಸು ಸಾಕು,” ಎಂದನಾತ.

ಕಳೆದ ವರ್ಷ ಇದೇ ಮಾತಿಗೆ ತಲೆಬಾಗಿ ಇಬ್ಬರೂ ಆಲಿಕಲ್ಲಿನ ಪೆಟ್ಟು ತಿಂದಿದ್ದರು. ಈ ಸಲ ಆಕೆ ವಾದಕ್ಕಿಳಿಯಲಿಲ್ಲ. ಪಡುವಣದಲ್ಲಿ ಮಿಂಚು ಹೊಳೆದಾಗ ಗಟ್ಟಿಯಾಗಿ ಎಣಿಸತೊಡಗಿದಳು. ಸದ್ದು ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೊದಲ ಎಣಿಕೆ ಇಪ್ಪತ್ತನಾಲ್ಕಕ್ಕೆ ನಿಂತಿತು, ಮುಂದಿನದು ಹದಿನೈದಕ್ಕೆ. ಆತ ಮರುಮಾತಿಲ್ಲದೆ ಇಳಿಯತೊಡಗಿದ.

ಕೆಳಗೆ ಕುರಿ ಕಾಯುವ ಮುದುಕನೊಬ್ಬ ಎದುರಾದ. “ಲಗೂ ಹಳ್ಳ ದಾಟ್ರಿ ತಾಯಿ. ಮ್ಯಾಲೆ ಮಳಿ ಹೊಡ್ಯಾಕತ್ತೇದ,” ಎಂದ. ನೀವೂ ಬನ್ನಿರೆಂದರೆ, ಕುರಿಗಳತ್ತ ಕೋಲು ತೋರಿಸಿ ನಕ್ಕ.

ಅವರು ಈಚೆಯ ದಡ ಹತ್ತಿದ ಹತ್ತು ನಿಮಿಷದೊಳಗೆ ಕೆಂಪು ನೀರು ಕಲ್ಲುಗಳನ್ನು ಉರುಳಿಸುತ್ತ ಬಂದಿತು. ಸಿಡಿಲು ಗುಡ್ಡದ ನೆತ್ತಿಯ ಮೇಲೆಯೇ ಬಡಿಯುತ್ತಿತ್ತು. ಗಾಡಿಯಿಂದಲೂ ಮರಗಳಿಂದಲೂ ದೂರದ ತಗ್ಗಿನಲ್ಲಿ, ಮೊಳಕಾಲು ಅಪ್ಪಿ ಇಬ್ಬರೂ ಕುಕ್ಕುರುಗಾಲಿನಲ್ಲಿ ಕುಳಿತರು. ಮಳೆಯ ತೆರೆಯಾಚೆ ಮುದುಕ ಕಾಣಿಸಲಿಲ್ಲ. ಆತನ ಮುಖ ಬಿಳಿಚಿತ್ತು. “ಕರಕೊಂಡ ಬರಬೇಕಿತ್ತು,” ಎಂದ ಎರಡು ಸಲ.

ಮುಕ್ಕಾಲು ತಾಸಿನ ಮೇಲೆ ಮಳೆ ನಿಂತು, ಬಿಸಿಲು ಏನೂ ನಡೆದಿಲ್ಲವೆಂಬಂತೆ ಬಿದ್ದಿತು. ಆಚೆ ದಡದಲ್ಲಿ ಕಂಬಳಿ ಕೊಡವುತ್ತ ಮುದುಕ ನಿಂತಿದ್ದ. ಕುರಿಗಳೆಲ್ಲ ಬಳಿಯಲ್ಲೇ ಇದ್ದವು. ನೀರಿನ ಭೋರ್ಗರೆತದಲ್ಲಿ ಮಾತು ಕೇಳಲಿಲ್ಲ. ಆಕೆ ಕೈಯೆತ್ತಿ ಮುಗಿದಳು. ಆತ ಕೋಲು ಬೀಸಿ, ಹೋಗಿರೆಂದು ಸನ್ನೆ ಮಾಡಿದ.

ರಾತ್ರಿ ಕೆಸರು ಮೆತ್ತಿದ ಬಟ್ಟೆಯಲ್ಲಿ ಮನೆ ತಲುಪಿದಾಗ, ಅಂಗಳದಲ್ಲಿ ಹಾಸಿಗೆ ಹಾಸಿ ಬೀಸಣಿಗೆ ಹಿಡಿದು ಕುಳಿತಿದ್ದ ನೆರೆಮನೆಯಾಕೆ, “ಎಲ್ಲಿ ಬಿದ್ದು ಬಂದ್ರಿ?” ಎಂದು ಬೆರಗಾದಳು. ವಾಡಿಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.