ಮಾವನ ಗಿಟಾರಿನ ಎತ್ತರ

ಗಿಟಾರು ಕಲಿಯಲು ಹೊರಟು ನಡುವೆಯೇ ಬಿಟ್ಟವರು ಎಷ್ಟು ಮಂದಿ ಎಂದು ಜನಗಣತಿಯವರು ಕೇಳುವುದಿಲ್ಲ. ಕೇಳಿದ್ದರೆ ಬೆಂಗಳೂರಿನ ಅಟ್ಟಗಳಿಂದಲೇ ಒಂದು ದೊಡ್ಡ ವಾದ್ಯಮೇಳ ಕೆಳಗಿಳಿದು ಬರುತ್ತಿತ್ತು. ಇಂಜಿನಿಯರಿಂಗ್ ಮೊದಲ ವರ್ಷ ಕೊಂಡದ್ದು, ಎರಡನೇ ವರ್ಷ ಗೋಡೆಗೊರಗಿದ್ದು, ಕೆಲಸ ಸಿಕ್ಕ ಮೇಲೆ ಅಟ್ಟ ಹತ್ತಿದ್ದು. ಯಾಕೆ ಬಿಟ್ಟಿರಿ ಎಂದರೆ ಪರೀಕ್ಷೆ, ಪುರುಸೊತ್ತು, ಮದುವೆ ಎಂದೆಲ್ಲ ಸುತ್ತಿ ಬಳಸಿ ಕೊನೆಗೆ ನಿಜ ಬಾಯಿಬಿಡುತ್ತಾರೆ: ಬೆರಳು ನೋಯುತ್ತಿತ್ತು. ಅದರಲ್ಲೂ ಎಫ್ ಕಾರ್ಡ್. ತೋರುಬೆರಳೊಂದನ್ನೇ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕಾದ ಆ ಪಟ್ಟು ಅದೆಷ್ಟು ಪ್ರೇಮಗೀತೆಗಳನ್ನು ಪಲ್ಲವಿಯಲ್ಲೇ ನಿಲ್ಲಿಸಿದೆಯೋ.

ಎಷ್ಟೋ ಸಲ ತಪ್ಪು ಬೆರಳಿನದಲ್ಲ, ತಂತಿಯ ಎತ್ತರದ್ದು. ತಂತಿಗೂ ಅದರ ಕೆಳಗೆ ಕತ್ತಿಗೆ ಅಡ್ಡಲಾಗಿ ಕೂತ ಲೋಹದ ಪಟ್ಟಿಗೂ, ಅಂದರೆ ಫ್ರೆಟ್ಟಿಗೂ, ನಡುವಿನ ಸಂದಿಗೆ ಗಿಟಾರಿನವರು ಆಕ್ಷನ್ ಎನ್ನುತ್ತಾರೆ. ಅದನ್ನು ಅಳೆಯಬಹುದು, ಹೆಚ್ಚಾಗಿದ್ದರೆ ಇಳಿಸಬಹುದು. ನಮ್ಮ ಕಾಲದಲ್ಲಿ ಇದನ್ನು ಹೇಳುವವರಿರಲಿಲ್ಲ. ಅಂಗಡಿಯವನೊಬ್ಬ ನನ್ನ ಗೆಳೆಯನಿಗೆ, "ಶುರುವಿನಲ್ಲಿ ಹಂಗೇ ಸಾರ್, ರಕ್ತ ಬಂದ್ರೆ ವಿದ್ಯೆ ಬಂತು ಅಂತ" ಎಂದು ಆಶೀರ್ವದಿಸಿ ಕಳಿಸಿದ್ದ.

ಈಗ ನನ್ನ ಬಳಿ ಇರುವ ಗಿಟಾರು ಸೋದರಮಾವನದು. ಎಂಬತ್ತರ ದಶಕದಲ್ಲಿ ಶಿವಮೊಗ್ಗದ ಕಡೆ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ನಡೆಯುತ್ತಿತ್ತಲ್ಲ, ಅಲ್ಲಿ ಮಾವ ಬಿಳಿ ಪ್ಯಾಂಟು ಹಾಕಿಕೊಂಡು ಇದನ್ನು ಬಾರಿಸುತ್ತಿದ್ದರು. ಡ್ರಮ್ಮು, ಕೀಬೋರ್ಡು, ಜನರ ಶಿಳ್ಳೆ, ಪಕ್ಕದ ಜನರೇಟರು, ಇಷ್ಟರ ಮೇಲೆ ಕೇಳಿಸಬೇಕು. ಇದ್ದದ್ದು ಹಾಡುವವರ ಮುಂದಿನ ಮೈಕು ಒಂದೇ. ಹಾಗಾಗಿ ಮಾವ ತಂತಿಯನ್ನು ಮೀಟುತ್ತಿರಲಿಲ್ಲ, ಹೊಡೆಯುತ್ತಿದ್ದರು. ಎಡಗೈ ಬೆರಳ ತುದಿಗಳು ಎಷ್ಟು ಜಡ್ಡುಗಟ್ಟಿದ್ದವೆಂದರೆ ಒಲೆಯಿಂದ ಇಳಿಸಿದ ಕಾಫಿ ಲೋಟವನ್ನು ಇಕ್ಕಳವಿಲ್ಲದೆ ಹಿಡಿದು ನಮ್ಮ ಮುಂದೆ ಮೆರೆಯುತ್ತಿದ್ದರು. ಆಮೇಲೆ ಬ್ಯಾಂಕಿನ ಕೆಲಸ ಸಿಕ್ಕಿತು. ನೋಟು ಎಣಿಸುವ ಬೆರಳಿಗೆ ಜಡ್ಡು ನಿಲ್ಲುವುದಿಲ್ಲ; ಕೆಲವೇ ತಿಂಗಳಲ್ಲಿ ಉದುರಿ ಹೋಗುತ್ತದೆ. ಮಗಳ ಮದುವೆಯ ಹೊತ್ತಿಗೆ ಮನೆ ಖಾಲಿ ಮಾಡುತ್ತ, "ಇದು ನಿನ್ನ ಹತ್ರಾನೇ ಇರಲಿ" ಎಂದು ನನಗೆ ದಾಟಿಸಿದರು.

ಅಳತೆ ಹನ್ನೆರಡನೇ ಫ್ರೆಟ್ಟಿನ ಮೇಲೆ. (ಹನ್ನೆರಡನೆಯದು ವ್ಯಯಸ್ಥಾನ ಎಂದು ಅಮ್ಮ ಮೊದಲೇ ಎಚ್ಚರಿಸಿದ್ದಳು.) ತಂತಿಯ ಉದ್ದದ ಸರಿಯಾದ ಅರ್ಧ ಬರುವುದು ಅಲ್ಲಿ. ಮೊದಲು ಶ್ರುತಿ ಮಾಡಿಕೊಳ್ಳಬೇಕು. ಆರು ತಂತಿಗಳೂ ಸೇರಿ ಎಪ್ಪತ್ತು ಕಿಲೋಗೂ ಮಿಕ್ಕಿ ಎಳೆಯುತ್ತವೆ. ಆ ಎಳೆತ ಇಲ್ಲದೆ ಅಳೆದರೆ ಸುಳ್ಳು ಲೆಕ್ಕ. ಗಿಟಾರನ್ನು ಅಂಗಾತ ಮಲಗಿಸಬಾರದು, ನುಡಿಸುವ ಭಂಗಿಯಲ್ಲೇ ಹಿಡಿಯಬೇಕು, ಇಲ್ಲದಿದ್ದರೆ ಕತ್ತು ತುಸು ಬಾಗುತ್ತದೆ. ಶಾಲೆಯ ಪಟ್ಟಿ ನಡೆಯದು, ಅದರಲ್ಲಿ ಸೊನ್ನೆಗೆ ಮುಂಚೆ ಒಂದಿಷ್ಟು ಖಾಲಿ ಜಾಗ ಇರುತ್ತದೆ. ತುದಿಯಿಂದಲೇ ಸೊನ್ನೆ ಶುರುವಾಗುವ ಉಕ್ಕಿನ ಸ್ಕೇಲು ಬೇಕು. ಅದನ್ನು ಫ್ರೆಟ್ಟಿನ ನೆತ್ತಿಯ ಮೇಲೆ ನಿಲ್ಲಿಸಿ, ತಂತಿಯ ಹೊಟ್ಟೆ ಯಾವ ಗೆರೆಗೆ ಬಂತು ಎಂದು ನೋಡುವುದು. ಕಣ್ಣು ತಂತಿಯ ಮಟ್ಟಕ್ಕೇ ಬರಬೇಕು. ಮೇಲಿಂದ ನೋಡಿದರೆ ಒಂದು ಲೆಕ್ಕ, ಕೆಳಗಿಂದ ನೋಡಿದರೆ ಇನ್ನೊಂದು.

ನಲವತ್ತೈದು ದಾಟಿದವನಿಗೆ ಇದು ಸುಲಭದ ಮಾತಲ್ಲ. ಕನ್ನಡಕ ಹಾಕಿದರೆ ತಂತಿ ಕಾಣುತ್ತದೆ, ಗೆರೆ ಮಸುಕು. ತೆಗೆದರೆ ಗೆರೆ ಕಾಣುತ್ತದೆ, ತಂತಿ ಎರಡಾಗುತ್ತದೆ. ಹೆಂಡತಿ ಮೊಬೈಲಿನ ಟಾರ್ಚು ಹಿಡಿದಳು, ಮಗಳು ಹಿಂದೆ ಬಿಳಿ ಹಾಳೆ ಹಿಡಿದಳು. ನಾನು ಒಂದು ಕಣ್ಣು ಮುಚ್ಚಿ, ಉಸಿರು ಕಟ್ಟಿ, ಮೂಗನ್ನು ತಂತಿಗೆ ತಾಗಿಸಿ ಕೂತೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಇದೇ ಒಂದು ಲಾಭ. ದಪ್ಪ ತಂತಿಯ ಕೆಳಗೆ 3.4 ಮಿಲಿಮೀಟರ್, ಸಣ್ಣ ತಂತಿಯ ಕೆಳಗೆ 2.6. ಸಾಮಾನ್ಯವಾಗಿ ಇರಬೇಕಾದದ್ದು ಸುಮಾರು 2.4 ಮತ್ತು 1.6. ವ್ಯತ್ಯಾಸ ಒಂದೇ ಒಂದು ಮಿಲಿಮೀಟರು. ಇಷ್ಟಕ್ಕೆ ಹೆದರಿ ಅಟ್ಟ ಹತ್ತಿಸುತ್ತಾರೆಯೇ ಎನ್ನುವವರು ಎಫ್ ಕಾರ್ಡ್ ಒತ್ತಿ ನೋಡಲಿ, ಆಮೇಲೆ ಮಾತಾಡೋಣ.

ತಂತಿ ಎತ್ತರವಾಗಿದ್ದರೆ ನೇರ ಇಳಿಸಿಬಿಡುವಂತಿಲ್ಲ, ಮೊದಲು ಕತ್ತು ಬಾಗಿದೆಯೇ ನೋಡಬೇಕು. ಮೊದಲ ಫ್ರೆಟ್ಟನ್ನೂ ಹದಿನಾಲ್ಕನೆಯದನ್ನೂ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರ ಪಟ್ಟಿಯಾಗುತ್ತದೆ. ಏಳನೇ ಫ್ರೆಟ್ಟಿನ ಹತ್ತಿರ ಉಳಿಯುವ ಕಿರು ಸಂದಿಯೇ ಬಾಗು. ಅದನ್ನು ಅಳೆಯಲು ಫೀಲರ್ ಗೇಜ್ ಬೇಕು. ನಮ್ಮ ಬೀದಿಯ ಮೆಕ್ಯಾನಿಕ್ಕಿನ ಹತ್ತಿರ ಅದಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರೂ ಹಳೆಯ ಯೆಜ್ಡಿ ಬೈಕುಗಳನ್ನು ಸಾಯಲು ಬಿಡದವರ ಪೈಕಿ ಆತ. ಎಣ್ಣೆ ಮೆತ್ತಿದ ತೆಳು ಹಾಳೆಗಳ ಕಟ್ಟನ್ನು ಬನಿಯನ್ನಿಗೆ ಒರೆಸಿ ಕೊಡುತ್ತ ಕೇಳಿದ:

"ಪಾಯಿಂಟ್ ಗ್ಯಾಪ್ ಎಷ್ಟು ಸಾರ್ ಗಿಟಾರಿಗೆ?"

"0.2 ಇದ್ರೆ ಸಾಕು."

"ಯೆಜ್ಡಿಗೇ 0.4 ಕೊಡ್ತೀವಿ. ನಿಮ್ದು ಬಹಳ ನಾಜೂಕು ಗಾಡಿ."

ನಾಜೂಕು ಗಾಡಿಯ ಕತ್ತು ಸರಿಯಾಗಿಯೇ ಇತ್ತು. ಕತ್ತಿನೊಳಗೆ ಉಕ್ಕಿನ ಸರಳಿಟ್ಟು ಬಾಗು ಸರಿಪಡಿಸುವ ಉಪಾಯ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬಾತನದು, 1920ರ ದಶಕದ್ದು. ಸರಳಿನ ಕೀಲಿ ತಿರುಗಿಸಿಯೇ ತಂತಿ ಇಳಿಸುತ್ತೇವೆ ಎಂದು ಹೊರಡುವವರಿದ್ದಾರೆ. ಸರಳಿರುವುದು ಬಾಗಿಗೆ, ಎತ್ತರಕ್ಕಲ್ಲ. ಎತ್ತರ ನಿಂತಿರುವುದು ಸ್ಯಾಡಲ್ ಮೇಲೆ, ಬ್ರಿಡ್ಜಿನ ಸೀಳಿನಲ್ಲಿ ಕೂತಿರುವ ಆ ಬಿಳಿ ಪಟ್ಟಿಯ ಮೇಲೆ. ಹನ್ನೆರಡನೆಯದು ಅರ್ಧ ದಾರಿ ತಾನೇ? ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಇಲ್ಲಿ ಎರಡು ತೇಯಬೇಕು.

ಮಾವನ ಪ್ಲಾಸ್ಟಿಕ್ ಸ್ಯಾಡಲ್ಲಿಗೆ ಕೈ ಹಚ್ಚಲು ಮನಸ್ಸಾಗಲಿಲ್ಲ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ಹೊಸದಾಗಿ ಮೂಳೆಯದೊಂದು ತರಿಸಿದೆ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು, ಗಾಜಿನ ಮೇಲೆ ಮರಳು ಕಾಗದ ಅಂಟಿಸಿ, ಬುಡದಿಂದ ತೇಯಲು ಕೂತೆ. ತಲೆಯ ಕಡೆ ಮುಟ್ಟುವಂತಿಲ್ಲ, ಅಲ್ಲಿ ತಂತಿಗಳಿಗೆ ಬೇಕಾದ ಕಮಾನು ಇದೆ. ಮೂಳೆ ತೇಯ್ದರೆ ಕೂದಲು ಸುಟ್ಟ ವಾಸನೆ. ಅಮ್ಮ ದೇವರ ಮನೆಯಿಂದ ಎದ್ದು ಬಂದು ನೋಡಿದಳು. ಒಂದೂ ಮಾತಾಡದೆ ಒಳಗೆ ಹೋಗಿ ಗಂಧ ತೇಯುವ ಸಾಣೆಕಲ್ಲನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನನಗೆ ಆ ಯೋಚನೆ ಬಂದೇ ಇರಲಿಲ್ಲ. ಬಂದಿದ್ದರೆ ಕಲ್ಲು ಮಟ್ಟಸವಾಗಿಯೇ ಇತ್ತು.

ಇಷ್ಟೆಲ್ಲ ಮಾಡಿ 2.4ಕ್ಕೆ ತಂದರೂ ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಮರ ತೇವ ಕುಡಿದು ಎದೆಯುಬ್ಬಿಸುತ್ತದೆ, ತಂತಿ ಏರುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ತಂತಿ ಇಳಿದು ಫ್ರೆಟ್ಟಿಗೆ ತಾಗಿ ಗರ್ರೆನ್ನುತ್ತದೆ. ಒಳ್ಳೆಯ ಗಿಟಾರುಗಳಿಗೆ ಎದೆ ಸ್ಪ್ರೂಸಿನದು, ಬೆನ್ನು ಬಹಳ ಸಲ ನಮ್ಮ ಬೀಟೆಯದು. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್ಲಿನ ರೋಸ್‌ವುಡ್ ದುರ್ಲಭವಾದಾಗ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಮಳೆ ಬಂದಾಗ ಘಟ್ಟದ ಬೀಟೆ, ಇದೆಲ್ಲ ನೋಡದ್ದೇ ಎಂಬಂತೆ, ಹೆಚ್ಚು ಗದ್ದಲ ಮಾಡದೆ ಕೂತಿರುತ್ತದೆ; ಉಬ್ಬುವುದು ಎದುರಿನ ಸ್ಪ್ರೂಸು. ಮಾವನ ಗಿಟಾರಿನ ಬೆನ್ನೂ ಬೀಟೆಯೇ ಎಂದು ಮಾವನ ವಾದ. ಅಂಚಿನಲ್ಲಿ ಪ್ಲೈವುಡ್ಡಿನ ಮೂರು ಪದರ ಎಣಿಸಬಹುದು. ನಾನು ಎಣಿಸಿ ತೋರಿಸಲು ಹೋಗಿಲ್ಲ.

ನನ್ನ ಕೈಗೆ ಗಿಟಾರು ಈಗ ಬೆಣ್ಣೆ. ಎಫ್ ಕಾರ್ಡ್ ಒಲಿಯಿತು. ಇನ್ನು ಕಲಿಯದಿರಲು ಯಾವ ನೆಪವೂ ಉಳಿಯಲಿಲ್ಲ ಎಂಬುದೇ ಸ್ವಲ್ಪ ತೊಂದರೆಯಾಯಿತು. ಅಷ್ಟರಲ್ಲಿ ಮಾವ ಬಂದರು. ಕೈಗೆತ್ತಿಕೊಂಡು, ಪೆಂಡಾಲಿನ ಅಂದಾಜಿನಲ್ಲೇ, ಒಂದು ಹೊಡೆತ ಹೊಡೆದರು. ಆರೂ ತಂತಿಗಳು ಫ್ರೆಟ್ಟುಗಳ ಮೇಲೆ ಬಿದ್ದು ಗಡಗಡ ಎಂದವು.

"ಇದನ್ನೇನು ತಂಬೂರಿ ಮಾಡಿಟ್ಟಿದ್ದೀಯ?"

ಮಾತು ಸುಳ್ಳಲ್ಲ. ತಂಬೂರಿಯವರು ತಂತಿಯ ಕೆಳಗೆ ನೂಲೆಳೆ ಸಿಕ್ಕಿಸಿ ಬೇಕೆಂದೇ ಜವಾರಿ ಹುಟ್ಟಿಸುತ್ತಾರೆ; ಅಲ್ಲಿ ಆ ಝೇಂಕಾರವೇ ಪ್ರಾಣ, ಇಲ್ಲಿ ಅದು ದೋಷ. ಇತ್ತ ವಿಶ್ವಮೋಹನ ಭಟ್ಟರ ಮೋಹನವೀಣೆಯಂಥ ವಾದ್ಯದಲ್ಲಿ ಉಕ್ಕಿನ ಕಡ್ಡಿ ಜಾರಬೇಕು, ಹಾಗಾಗಿ ತಂತಿ ಎತ್ತರವೇ ಇರಬೇಕು. ಮೆಲ್ಲಗೆ ಮೀಟುವ ನನಗೆ 2.4 ಸಾಕು, ಗಣಪತಿಗೆ ಕೇಳಿಸುವಂತೆ ಹೊಡೆದವರಿಗೆ ಸಾಲದು. ಇದನ್ನೆಲ್ಲ ವಿವರಿಸಿದೆ. ಮಾವ ಬ್ಯಾಂಕಿನಲ್ಲಿ ಗ್ರಾಹಕರನ್ನು ನೋಡುತ್ತಿದ್ದ ಹಾಗೆ ನನ್ನನ್ನು ನೋಡಿ, "ನಂದು ನಂಗೆ ಹಾಕ್ಕೊಡು" ಎಂದರು.

ಬೆಂಕಿಪೊಟ್ಟಣದಿಂದ ಹಳೆಯ ಸ್ಯಾಡಲ್ ತೆಗೆದು ಹಾಕಿಕೊಟ್ಟೆ. ಮಾವ ಕೂತರು. ಅರ್ಧ ಚರಣದವರೆಗೆ ಆರ್ಕೆಸ್ಟ್ರಾ ಬಂತು, ಬಿಳಿ ಪ್ಯಾಂಟೂ ಬಂತು. ಆಮೇಲೆ ನಿಲ್ಲಿಸಿ, ಎಡಗೈಯನ್ನು ಗಿಟಾರಿನ ಹಿಂದೆ ಸರಿಸಿ ಯಾರಿಗೂ ಕಾಣದಂತೆ ಬೆರಳು ಉಜ್ಜಿಕೊಂಡು, "ಮಳೆಗೆ ಉಬ್ಬಿದೆ ಕಣೋ, ಒಂಚೂರು ನೋಡು" ಎಂದರು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಹೊಡೆಯುತ್ತಿತ್ತು.

"ಹೌದು ಮಾವ, ಉಬ್ಬಿದೆ" ಎಂದು ಒಳಗೊಯ್ದೆ. ಮೂಳೆಯ ಸ್ಯಾಡಲ್ಲನ್ನೇ ಹಾಕಿ, ವಿಸಿಟಿಂಗ್ ಕಾರ್ಡಿನ ಎರಡು ಚೂರು ಅದರ ಬುಡಕ್ಕೆ ಸೇರಿಸಿದೆ. ಸ್ಕೇಲಿಟ್ಟು ನೋಡಿದರೆ 2.7. ಈ ಸಲ ಮಾವ ಪೂರ್ತಿ ಹಾಡು ನುಡಿಸಿದರು, ಹೊಡೆತ ತಾವಾಗಿಯೇ ಸ್ವಲ್ಪ ಇಳಿಸಿಕೊಂಡು.

"ಈಗ ಎಷ್ಟಿದೆ?"

"ನಿಮ್ಮ ಹಳೇದೇ. 3.4."

"ಅದಕ್ಕೇ" ಎಂದು ಮುಂದಿನ ಹಾಡಿಗೆ ಶ್ರುತಿ ನೋಡತೊಡಗಿದರು.